ಬದಲಿ ದನಿ

ಆ ಮನೆಯ ಸೊಸೆಗೆ ಫೋನಮ್ಮ ಎಂದು ಹೆಸರಿಟ್ಟವರು ಅವಳ ಮಾವನೇ. ದೂರದೂರಿನ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ, ಬಾಯಿ ಸ್ವಲ್ಪ ಜೋರು. ಸೊಸೆ ಈರುಳ್ಳಿ ಹೆಚ್ಚುತ್ತ, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, "ಯಾವಾಗ ಸೇರ್ತೀರಾ ಸರ್? ತಕ್ಷಣ ಆಗುತ್ತಾ?" ಎಂದು ಯಾರನ್ನೋ ಕೇಳುವುದನ್ನು ನೋಡಿ ನೋಡಿ, ಒಂದು ದಿನ ಪಕ್ಕದ ಮನೆಯವರ ಮುಂದೆ, "ನಮ್ಮ ಫೋನಮ್ಮ ಊರಿಗೆಲ್ಲ ಕೆಲಸ ಕೊಡಿಸ್ತಾಳೆ" ಎಂದಿದ್ದರು. ಹೆಸರು ಅಂಟಿಕೊಂಡಿತು. ಆಗ ಆ ಮಾತಿನಲ್ಲಿ ಹೆಮ್ಮೆಯಿತ್ತು. ಈಗ ಅದೇ ಮಾತು ಯಾರ ಬಾಯಲ್ಲಿ ಬಂದರೂ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿಯಾಗುತ್ತಿತ್ತು. ಊರಿಗೆಲ್ಲ ಕೆಲಸ ಕೊಡಿಸುವವಳ ಗಂಡನೇ ವರ್ಷದಿಂದ ಮನೆಯಲ್ಲಿ ಕೂತಿದ್ದ.

ಅವನದು ಡೇಟಾಬೇಸ್ ಕೆಲಸ. ದೊಡ್ಡ ಕಂಪನಿಗಳ ಲೆಕ್ಕಪತ್ರ, ಜನರ ಸಂಬಳದ ವಿವರ, ಎಲ್ಲ ಕಂಪ್ಯೂಟರಿನೊಳಗೆ ಕೆಡದಂತೆ, ಕಳೆಯದಂತೆ ಕಾಯುವುದು. ಆದರೆ ಅವನು ಯಾವ ಕಂಪನಿಯ ನೌಕರನೂ ಅಲ್ಲ, ಗುತ್ತಿಗೆಯವನು. ಮೊದಮೊದಲು ವರ್ಷದ ಗುತ್ತಿಗೆ ಸಿಗುತ್ತಿತ್ತು. ಆಮೇಲೆ ಅದು ಅರ್ಧ ವರ್ಷಕ್ಕಿಳಿಯಿತು, ಆಮೇಲೆ ತಿಂಗಳು ತಿಂಗಳು ಮುಂದುವರಿಸುವ ಪದ್ಧತಿ ಬಂತು. ಕೊನೆಗೊಂದು ಬೆಳಿಗ್ಗೆ ಆಫೀಸಿನ ಗೇಟು ಅವನ ಕಾರ್ಡಿಗೆ ತೆರೆದುಕೊಳ್ಳಲಿಲ್ಲ. ಕಾರ್ಡು ಕೆಟ್ಟಿರಬೇಕೆಂದು ಅಂಗಿಗೆ ಒರೆಸಿ ಒರೆಸಿ ಹಚ್ಚಿದ. ಗೇಟಿನವನಿಗೇ ಪಾಪ ಅನಿಸಿ, "ಸಾರ್, ನಿಮ್ಮದು ನಿನ್ನೆಗೇ ಮುಗಿದಿದೆಯಂತೆ" ಎಂದ. ಮಧ್ಯಾಹ್ನದ ಊಟದ ಡಬ್ಬಿ ತುಂಬಿದ್ದು ತುಂಬಿದ್ದ ಹಾಗೆಯೇ ಮನೆಗೆ ವಾಪಸು ಬಂತು.

ಫೋನಮ್ಮ ಗಾಬರಿಯಾಗಲಿಲ್ಲ. "ಇದೇ ನನ್ನ ಕಸುಬು ಅಲ್ವೇನ್ರಿ? ತಿಂಗಳೊಳಗೆ ನಾನೇ ನಿಮಗೊಂದು ಕೆಲಸ ಹುಡುಕ್ತೀನಿ" ಎಂದಿದ್ದಳು. ಆ ತಿಂಗಳು ಕಳೆದು ಎಷ್ಟೋ ತಿಂಗಳಾಗಿದ್ದವು.

"ಬೆಳಿಗ್ಗೆಯಿಂದ ಬಾಗಿಲು ಹಾಕ್ಕೊಂಡು ಒಳಗೆ ಯಾರ ಜೊತೆ ಮಾತಾಡ್ತಾನೆ ಇವನು?" ಎಂದರು ಮಾವ, ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತ.

"ಇಂಟರ್‌ವ್ಯೂಗೆ ತಯಾರಿ ಮಾಡ್ಕೋತಿದಾರೆ ಮಾವ."

"ವರ್ಷದಿಂದ ನಿಶ್ಚಿತಾರ್ಥನೇ ಆಯ್ತಲ್ಲಮ್ಮ. ಮದುವೆ ಯಾವಾಗ?"

ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಮೊಮ್ಮಗಳು ಕಿಸಕ್ಕೆಂದಳು. ಅಮ್ಮನ ಮುಖ ನೋಡಿ ನಗುವನ್ನು ನುಂಗಿಕೊಂಡಳು.

"ತಾತ, ನೀನು ಸುಮ್ನೆ ತಿನ್ನು."

"ತಿಂತಾನೇ ಇದೀನಿ. ನನ್ನ ಪೆನ್ಷನ್ ದುಡ್ಡಲ್ಲಿ ತಂದ ಬ್ರೆಡ್ಡು, ತಿನ್ನೋಕೇನು ಭಯ?"

ಅದು ತಮಾಷೆಯೇ. ಆದರೂ ರೂಮಿನ ಬಾಗಿಲ ಹಿಂದಿನ ಮಾತು ಥಟ್ಟನೆ ನಿಂತದ್ದು ಎಲ್ಲರಿಗೂ ಕೇಳಿಸಿತು.

ಕಂಪನಿಗಳಿಗೆ ಜನ ಹುಡುಕಿಕೊಡುವ ಫೋನಮ್ಮನ ಆಫೀಸಿನಲ್ಲೂ ಗಾಳಿ ನೆಟ್ಟಗಿರಲಿಲ್ಲ. ಸಾಲು ಸಾಲು ಮೇಜುಗಳಲ್ಲಿ ಅರ್ಧದಷ್ಟು ಖಾಲಿಯಾಗಿದ್ದವು. ಒಂದು ಕೆಲಸಕ್ಕೆ ಜನ ಬೇಕೆಂದು ಬೆಳಿಗ್ಗೆ ಪ್ರಕಟಿಸಿದರೆ ಚಹಾದ ಹೊತ್ತಿಗೆ ಅರ್ಜಿಗಳ ರಾಶಿ ಬಿದ್ದಿರುತ್ತಿತ್ತು. ಅವನ್ನೆಲ್ಲ ಈಗ ಮನುಷ್ಯರು ಓದುತ್ತಿರಲಿಲ್ಲ. ಮೆಷಿನ್ನು ಓದಿ, ಜರಡಿ ಹಿಡಿದು, ಇಷ್ಟೇ ಜನ ಎಂದು ಕೊಡುತ್ತಿತ್ತು. ಜರಡಿ ಹಿಡಿಯುವುದು ಮೆಷಿನ್ನಾದರೆ ಜರಡಿ ಹಿಡಿಯುತ್ತಿದ್ದವರು ಯಾಕೆ ಎಂದು ಮೇಲಿನವರಿಗೆ ಅನಿಸಲು ತಡವಾಗಲಿಲ್ಲ.

ಅವಳ ಮ್ಯಾನೇಜರ್ ಅವಳಿಗಿಂತ ಚಿಕ್ಕವನು. ಅಕ್ಕ ಎಂದೇ ಕರೆಯುತ್ತಿದ್ದ.

"ಅಕ್ಕ, ಈ ತಿಂಗಳು ನಿಮ್ಮ ಕಡೆಯಿಂದ ಒಬ್ಬರಾದ್ರೂ ಸೇರ್ಲೇಬೇಕು. ಇಲ್ದಿದ್ರೆ ನಿಮ್ಮ ಹೆಸರನ್ನ ನಾನು ಹಿಡ್ಕೊಂಡು ಕೂರೋಕಾಗಲ್ಲ."

"ಕಳಿಸಿದವರನ್ನೆಲ್ಲ ಬೇಡ ಅಂತಾರೆ, ಬೇಕು ಅಂದವರ ಕೆಲಸಾನೇ ನಿಲ್ಲಿಸ್ತಾರೆ. ನಾನೇನು ಮಾಡ್ಲಿ ಹೇಳಿ."

"ಸಂಬಳ ಬಟವಾಡೆ ಕಂಪನಿದು ಒಂದಿದೆಯಲ್ಲ, ಡೇಟಾಬೇಸ್‌ದು. ಅದನ್ನ ಹಿಡೀರಿ."

ಆ ಕೆಲಸ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಬೇರೆ ಸಂಸ್ಥೆಗಳ ಕಸ ಗುಡಿಸುವವರು, ಕಾವಲುಗಾರರು, ಆಯಾಗಳು, ಇವರ ತಿಂಗಳ ಸಂಬಳವನ್ನು ಹಂಚುವ ಕಂಪನಿ ಅದು. ಅವರು ಕೇಳಿದ್ದ ಒಂದೊಂದು ವಿದ್ಯೆಯೂ ಅವಳ ಗಂಡನಿಗೆ ಅಂಗೈಯ ಗೆರೆಯಷ್ಟು ಪರಿಚಿತ. ಸಂಕೋಚ ಬಿಟ್ಟು, ಮ್ಯಾನೇಜರನಿಗೆ ಹೇಳಿಯೇ ಅವನ ಅರ್ಜಿ ಹಾಕಿಸಿದ್ದಳು. ಮೆಷಿನ್ನು ತಳ್ಳಿಹಾಕಿತು. ಎರಡನೆಯ ಸಲ ಕಂಪನಿಯವರಿಗೇ ನೇರ ಕಳಿಸಿದಳು. ಯಾರೂ ತೆರೆದೂ ನೋಡಲಿಲ್ಲ.

"ತಪ್ಪು ತಿಳೀಬೇಡಿ ಅಕ್ಕ," ಎಂದಿದ್ದ ಮ್ಯಾನೇಜರ್. "ವರ್ಷ ಖಾಲಿ ಕೂತವರು ಅಂದ್ರೆ ಅವರು ಮುಟ್ಟೋದೇ ಇಲ್ಲ. ಮೇಲೆ ವಯಸ್ಸು ಬೇರೆ."

ಮನೆಗೆ ಬಂದು ಗಂಡನಿಗೆ ಅಷ್ಟನ್ನೂ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. "ಆ ಕೆಲಸ ಸದ್ಯಕ್ಕೆ ನಿಲ್ಸಿದಾರಂತೆ" ಎಂದು ಸುಳ್ಳು ಹೇಳಿ, ಆಲೂಗಡ್ಡೆ ಸುಲಿಯಲು ಕೂತಿದ್ದಳು. ಅವನು ಏನೂ ಕೇಳದೆ ಪಕ್ಕದಲ್ಲಿ ಕೂತು, ಅವಳು ಸುಲಿದದ್ದನ್ನು ಹೆಚ್ಚಿಕೊಟ್ಟಿದ್ದ.

ಕಡೆಗೆ ಮೆಷಿನ್ನು ಒಬ್ಬ ಹುಡುಗನನ್ನು ಆರಿಸಿ ಕೊಟ್ಟಿತು. ದಪ್ಪ ಕನ್ನಡಕ, ಮೆಲುಮಾತು. ಪ್ರತಿ ಮಾತಿಗೂ "ಮೇಡಂ, ಈ ಕೆಲಸ ನನಗೆ ಬೇಕೇ ಬೇಕು ಮೇಡಂ" ಎನ್ನುತ್ತಿದ್ದ. ಅರ್ಜಿಯಲ್ಲಿ ಬರೆದಷ್ಟು ಅನುಭವ ಅವನಿಗಿದೆಯೆಂದು ಫೋನಮ್ಮನಿಗೆ ನಂಬಿಕೆಯಿರಲಿಲ್ಲ. ಆದರೂ ಸಂದರ್ಶನದ ದಿನ ಗೊತ್ತು ಮಾಡಿದಳು.

ಸಂದರ್ಶನ ಕಂಪ್ಯೂಟರಿನ ಪರದೆಯ ಮೇಲೆ. ಆ ಕಡೆ ಕಂಪನಿಯ ಮುಖ್ಯಸ್ಥರು, ಅವರ ಪಕ್ಕ ಇನ್ನೊಬ್ಬರು. ಈ ಕಡೆ ಕನ್ನಡಕದ ಹುಡುಗ. ಫೋನಮ್ಮ ತನ್ನ ಮುಖವನ್ನೂ ದನಿಯನ್ನೂ ಮುಚ್ಚಿಟ್ಟುಕೊಂಡು, ಏನಾದರೂ ತೊಂದರೆಯಾದರೆ ನೋಡಿಕೊಳ್ಳಲು ಕೂತಿದ್ದಳು.

ಮೊದಲ ಪ್ರಶ್ನೆ ಬಂತು. ಹುಡುಗ ತುಟಿ ಅಲ್ಲಾಡಿಸಿದ.

"ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ ಸಾರ್..."

ಫೋನಮ್ಮನ ಕೈಯಲ್ಲಿದ್ದ ಪೆನ್ನು ನಿಂತುಬಿಟ್ಟಿತು. ಆ ದನಿ ಹುಡುಗನದಲ್ಲ. ನೆಗಡಿ ಹಿಡಿದಂಥ ಆ ಮೂಗಿನ ಎಳೆತ, ಯೋಚಿಸುವಾಗ ನಾಲಿಗೆಯಿಂದ ಲೊಚ್ ಎನ್ನುವ ಸದ್ದು, ಪ್ರತಿಯೊಂದಕ್ಕೂ "ಮೊದಲು ಒಂದು ವಿಷಯ" ಎಂದು ಶುರು ಮಾಡುವ ರೀತಿ! ಮದುವೆಯಾದಾಗಿನಿಂದ ತಲೆದಿಂಬಿನ ಆ ಬದಿಯಿಂದ ಕೇಳಿದ ದನಿ. ಹುಡುಗನ ತುಟಿ ಕೂದಲೆಳೆಯಷ್ಟು ಹಿಂದೆ ಬೀಳುತ್ತಿತ್ತು. ನೆಟ್‌ವರ್ಕಿನ ತೊಂದರೆ ಎಂದು ಆ ಕಡೆಯವರು ತಿಳಿದರು.

ಪ್ರಶ್ನೆಗಳು ಕಠಿಣವಾಗುತ್ತ ಹೋದವು. ಉತ್ತರಗಳು ನೀರು ಕುಡಿದಷ್ಟು ಸಲೀಸಾಗಿ ಬಂದವು. ಮುಖ್ಯಸ್ಥರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಪ್ರಶ್ನೆ ಕೇಳುವುದನ್ನು ಬಿಟ್ಟು ಹರಟತೊಡಗಿದರು. ಅಷ್ಟರಲ್ಲಿ ಎಲ್ಲಿಂದಲೋ ಕರೆಗಂಟೆಯ ಸದ್ದು. ಹಿಂದೆಯೇ ಮುದುಕರೊಬ್ಬರ ಗಟ್ಟಿ ಗಂಟಲು:

"ಗ್ಯಾಸ್ ಬಂತು ಕಣೋ! ಆಚೆ ಬಂದು ಸಿಲಿಂಡರ್ ಎತ್ತೋ!"

ಹುಡುಗ ಬೆಬ್ಬೆಬ್ಬೆ ಎಂದ. "ಯಾರದು?" ಎಂದರು ಮುಖ್ಯಸ್ಥರು.

"ಪಕ್ಕದ ಮನೆ ಸಾರ್, ಕಿಟಕಿ ತೆರೆದಿತ್ತು" ಎಂದಿತು ಗಂಡನ ದನಿ, ಒಂದಿಷ್ಟೂ ಅಳುಕದೆ.

ಅವರು ನಕ್ಕುಬಿಟ್ಟರು. ಫೋನಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ನಗು ಬರುತ್ತಿದೆಯೋ ಅಳುವೋ ಅವಳಿಗೇ ತಿಳಿಯಲಿಲ್ಲ.

ಸಂಜೆಯೊಳಗೆ ಕಂಪನಿಯಿಂದ ಸುದ್ದಿ ಬಂತು: ಇಂಥವರನ್ನೇ ಹುಡುಕುತ್ತಿದ್ದೆವು, ಕೂಡಲೇ ಸೇರಿಸಿ. ಮ್ಯಾನೇಜರ್ ಮೇಜು ಬಡಿದು, "ಬಚಾವಾದ್ರಿ ಅಕ್ಕ!" ಎಂದ. ಬಾಯಿ ತೆರೆಯಬೇಕಾದ ಹೊತ್ತು ಅದೇ. ಅವಳು ಹಲ್ಲು ಕಚ್ಚಿಕೊಂಡು, "ಹೂಂ" ಎಂದಳು.

ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಯಾವಾಗಿಂದ ನಡೀತಿದೆ ಈ ನಾಟಕ?"

ಅವನು ಕಂಪ್ಯೂಟರ್ ಆರಿಸಿದ. "ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನಾನೇ ಕೂತು ಕೇಳಿದೆ. ಅವನು ನಾನು ಕಳಿಸಿದ ಹುಡುಗ!"

ಅವನು ಕುರ್ಚಿಯಿಂದ ಎದ್ದುಬಿಟ್ಟ. "ದೇವರಾಣೆ ಗೊತ್ತಿರಲಿಲ್ಲ ಕಣೆ. ಮಧ್ಯೆ ಒಬ್ಬ ದಲ್ಲಾಳಿ ಇದಾನೆ. ಯಾವ ಕಂಪನಿ, ಯಾವ ಹುಡುಗ, ಏನೂ ಹೇಳಲ್ಲ. ಹೊತ್ತು ಹೇಳ್ತಾನೆ, ನಾನು ಮಾತಾಡ್ತೀನಿ."

"ಸಿಕ್ಕಿಬಿದ್ರೆ ನನ್ನ ಕೆಲಸ ಹೋಗುತ್ತೆ ಅಂತ ಗೊತ್ತಾಗಲ್ವೇನ್ರಿ ನಿಮಗೆ? ಮನೇಲಿ ಇರೋದೇ ಒಂದು ಸಂಬಳ!"

"ಅದಕ್ಕೇ ಮಾಡಿದ್ದು. ಎಷ್ಟು ದಿನ ಅಂತ ಅಪ್ಪನ ಬ್ರೆಡ್ಡು ತಿನ್ನಲಿ?"

"ಬೇರೆ ದಾರಿನೇ ಇರ್ಲಿಲ್ವಾ?"

"ನೀನೇ ಹೇಳು, ಇದೆಯಾ? ನೀನು ಆ ವ್ಯಾಪಾರದಲ್ಲೇ ಇದೀಯಲ್ಲ." ಅವನ ದನಿ ಇಳಿಯಿತು. "ಇವತ್ತು ಅವರು ಎಷ್ಟು ಚೆನ್ನಾಗಿ ಕೇಳಿಸ್ಕೊಂಡ್ರು ನೋಡಿದ್ಯಾ? ವರ್ಷ ಆಯ್ತು, ಯಾರಾದ್ರೂ ನನ್ನ ಮಾತು ಹಾಗೆ ಕೇಳಿ. ಮುಖ ತೋರ್ಸಿದ್ರೆ ಬಾಗ್ಲೇ ತೆಗಿಯಲ್ಲ. ಬರೀ ದನಿ ಆದ್ರೆ ಕುರ್ಚಿ ಎಳೆದು ಕೂರಿಸ್ತಾರೆ."

ಅವಳಿಗೆ ಬೈಯಲು ಇನ್ನೂ ಬಹಳ ಮಾತು ಉಳಿದಿತ್ತು. "ಇನ್ನೊಂದು ಸಲ ಬೇಡ" ಎಂದಷ್ಟೇ ಹೇಳಿದಳು. ಅವನು ಆಗಲಿ ಎಂದ.

ಹುಡುಗ ಕೆಲಸಕ್ಕೆ ಸೇರಿದ. ಫೋನಮ್ಮನ ಕುರ್ಚಿ ಉಳಿಯಿತು. ಆದರೆ ಹುಡುಗನಿಗೆ ಕೆಲಸ ಬರಬೇಕಲ್ಲ! ಸೇರಿದ ವಾರದಲ್ಲೇ ದಲ್ಲಾಳಿಯ ಮೂಲಕ ಗೋಗರೆದ: ಸಾರ್, ದಿನಾ ಸ್ವಲ್ಪ ಕೈಹಿಡಿದು ನಡೆಸಿ, ಸಂಬಳದಲ್ಲಿ ಪಾಲು ಕೊಡ್ತೀನಿ. ಗಂಡ ಹೆಂಡತಿಗೆ ಹೇಳದೆ ಒಪ್ಪಿಕೊಂಡ. ಬೆಳಿಗ್ಗೆ ಹುಡುಗನ ಪರದೆ ಇವನ ಪರದೆಯ ಮೇಲೆ ಮೂಡುತ್ತಿತ್ತು. ತನಗೆ ಸಿಗದ ಕೆಲಸವನ್ನು ಇವನು ಸಂಜೆಯವರೆಗೂ ರೂಮಿನಲ್ಲಿ ಕೂತು ಇನ್ನೊಬ್ಬನ ಹೆಸರಿನಲ್ಲಿ ಮಾಡುತ್ತಿದ್ದ. ಸಂಬಳದ ದೊಡ್ಡ ಪಾಲು ಹುಡುಗನಿಗೆ, ಅದರಲ್ಲಿ ಒಂದಿಷ್ಟು ದಲ್ಲಾಳಿಗೆ, ಉಳಿದ ಚೂರು ಇವನಿಗೆ.

ಆ ಚೂರಿನಿಂದಲೇ ಮನೆಯ ಬಣ್ಣ ಬದಲಾಯಿತು. ಬುಟ್ಟಿಯಲ್ಲಿ ಹಣ್ಣು ಕಂಡಿತು. ಮಗಳ ಪರೀಕ್ಷೆಯ ಶುಲ್ಕ ಗಡುವಿನೊಳಗೆ ಹೋಯಿತು. ಗಂಡ ಬೆಳಿಗ್ಗೆ ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿಕೊಂಡು ರೂಮಿಗೆ ಹೋಗತೊಡಗಿದ. ಫೋನಮ್ಮ ಯಾವುದನ್ನೂ ಕೇಳಲಿಲ್ಲ. ಕೇಳಿದರೆ ನಿಲ್ಲಿಸಬೇಕಾಗುತ್ತಿತ್ತು.

ಕೇಳಿದವರು ಮಾವ. ಊಟದ ಹೊತ್ತಿನಲ್ಲಿ ಬೇಳೆಯ ಪಾತ್ರೆ ತಮ್ಮ ಕಡೆ ಎಳೆದುಕೊಳ್ಳುತ್ತ ಮಗನಿಗೆ ನೇರವಾಗಿ ಪ್ರಶ್ನೆ ಹಾಕಿದರು:

"ನಿನಗೆ ಕೆಲಸ ಸಿಕ್ಕಿದ್ರೆ ಸಿಹಿ ಯಾಕೆ ತರಲಿಲ್ಲ? ಯಾರಿಗೂ ಯಾಕೆ ಹೇಳ್ತಿಲ್ಲ?"

"ಚಿಕ್ಕ ಕೆಲಸ ಅಪ್ಪ. ಹೇಳೋವಂಥದ್ದಲ್ಲ."

"ಒಳಗೆ ನೀನು ಯಾರಿಗೋ 'ಈಗ ಅದನ್ನ ಒತ್ತು, ಈಗ ಇದನ್ನ ಬರಿ' ಅಂತಿರ್ತೀಯ. ನನ್ನ ಕಣ್ಣು ಮಂಜಾಗಿರಬಹುದು, ಕಿವಿ ಸರಿಯಾಗಿದೆ. ಲೈಸೆನ್ಸ್ ಒಬ್ಬನದು, ಸ್ಟೇರಿಂಗ್ ಇನ್ನೊಬ್ಬನ ಕೈಲಿ, ಅದೇ ತಾನೇ? ನಮ್ಮ ಡಿಪೋದಲ್ಲೂ ಒಬ್ಬ ಹಾಗೆ ತನ್ನ ತಮ್ಮನ್ನ ಸ್ಟೇರಿಂಗ್ ಮುಂದೆ ಕೂರಿಸಿ ತಾನು ನಿದ್ದೆ ಹೊಡೀತಿದ್ದ. ಗಾಡಿ ಹಳ್ಳಕ್ಕೆ ಬಿದ್ದ ದಿನ ಇಬ್ಬರಿಗೂ ಏನೂ ಆಗಲಿಲ್ಲ, ಒಳಗೆ ಕೂತವರು ಸತ್ತರು."

"ಇದು ಬಸ್ಸಲ್ಲಪ್ಪ!"

"ಬಸ್ಸಲ್ಲ ಅಂತ ನನಗೂ ಗೊತ್ತು ಕಣೋ. ಒಳಗೆ ಯಾರೂ ಕೂತಿಲ್ವಾ ಅಂತ ಕೇಳ್ತಿದೀನಿ."

ಗಂಡ ತಟ್ಟೆ ಬಿಟ್ಟು ಎದ್ದ. ಮಗಳು ಮಾತ್ರ ಬೇರೆಯದೇ ಲೆಕ್ಕದಲ್ಲಿದ್ದಳು. ಅವಳ ಕಾಲೇಜಿಗೆ ಆ ವರ್ಷ ಯಾವ ಕಂಪನಿಯೂ ಹುಡುಕಿಕೊಂಡು ಬಂದಿರಲಿಲ್ಲ. ಹೊಸಬರು ಮಾಡುತ್ತಿದ್ದ ಸಣ್ಣಪುಟ್ಟ ಕೆಲಸವನ್ನೆಲ್ಲ ಮೆಷಿನ್ನುಗಳೇ ಮಾಡುತ್ತವಂತೆ, ಹೊಸಬರು ಯಾರಿಗೂ ಬೇಡವಂತೆ. ಅಪ್ಪನ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು.

"ಅಪ್ಪ, ನನಗೂ ಒಂದು ಇಂಟರ್‌ವ್ಯೂ ಬರುತ್ತೆ. ನೀನು ಮಾತಾಡು, ನಾನು ಬಾಯಿ ಆಡಿಸ್ತೀನಿ. ದನಿಯನ್ನ ಹೆಂಗಸರ ದನಿ ಮಾಡೋದೂ ಇದೆ, ನಮ್ಮ ಕ್ಲಾಸಲ್ಲಿ ಎಲ್ಲರೂ ಮಾಡಿಸ್ಕೋತಿದಾರೆ."

"ತಲೆ ಕೆಟ್ಟಿದೆಯಾ ನಿನಗೆ? ಓದ್ಕೊಂಡು ನೀನೇ ಮಾತಾಡು."

"ಯಾರದೋ ಮಗನಿಗೆ ಮಾಡ್ತೀಯ. ನಿನ್ನ ಮಗಳಿಗೆ ಮಾಡಲ್ವಾ?"

ಅವನು ಕಂಪ್ಯೂಟರಿನ ಕಡೆ ತಿರುಗಿ ಕೂತ. ಅಡುಗೆಮನೆಯಲ್ಲಿದ್ದ ಫೋನಮ್ಮನಿಗೂ ಅದು ಕೇಳಿಸಿತು. ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಪಾತ್ರೆ ತೊಳೆಯತೊಡಗಿದಳು.

ಆ ತಿಂಗಳ ಕೊನೆಯಲ್ಲಿ ಮಾವನ ಕಣ್ಣಿನ ಆಪರೇಷನ್ ಇತ್ತು. ಗಂಡ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. "ಇವತ್ತು ನಾನಿರಲ್ಲ, ಏನನ್ನೂ ಮುಟ್ಟಬೇಡ" ಎಂದು ಹುಡುಗನಿಗೆ ಹೇಳಿಯೇ ಹೋಗಿದ್ದ. ಆಪರೇಷನ್ ಕೋಣೆಯ ಮುಂದೆ ಫೋನು ಆರಿಸಿ ಕೂರಬೇಕಾಯಿತು. ಸಂಬಳ ಬಟವಾಡೆಯ ಮುಂಚಿನ ದಿನ ಅದು. ಹಳೆಯ ದಾಖಲೆ ಸ್ವಚ್ಛ ಮಾಡು ಎಂದು ಮೇಲಿನವರು ಹುಡುಗನಿಗೆ ಹೇಳಿದರು. ಆಗಲ್ಲ ಎಂದರೆ ಬಣ್ಣ ಬಯಲಾಗುತ್ತದೆ. ಇವನಿಗೆ ಮತ್ತೆ ಮತ್ತೆ ಫೋನು ಮಾಡಿ ಸಿಗದೆ, ಕಡೆಗೆ ಉಸಿರು ಬಿಗಿಹಿಡಿದು ತಾನೇ ಗುಂಡಿ ಒತ್ತಿದ. ಹಳೆಯದರ ಜೊತೆ ಹೊಸದೂ ಹೋಯಿತು. ಸಾವಿರಾರು ಜನರ ಬ್ಯಾಂಕ್ ಖಾತೆಯ ವಿವರಗಳು ಒಂದರೊಳಗೊಂದು ಸಿಕ್ಕಿಕೊಂಡು ಗೋಜಲಾದವು. ಮಾರನೆಯ ದಿನ ಯಾರಿಗೂ ಸಂಬಳ ಆಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಂಪನಿಯ ಗೇಟಿನ ಮುಂದೆ ಪೊರಕೆ ಹಿಡಿದ ಹೆಂಗಸರು ಗುಂಪುಗೂಡಿದ್ದರು. ಒಳಗೆ ಫೋನಮ್ಮನನ್ನೂ ಅವಳ ಮ್ಯಾನೇಜರನನ್ನೂ ಕರೆಸಿದ್ದರು. ಕನ್ನಡಕದ ಹುಡುಗ ಮೂಲೆಯ ಕುರ್ಚಿಯಲ್ಲಿ ಮುದುಡಿಕೊಂಡಿದ್ದ. ಮುಖ್ಯಸ್ಥರು ಸಂದರ್ಶನದ ರೆಕಾರ್ಡು ಹಾಕಿದರು. ಅವಳ ಗಂಡನ ದನಿ ಆ ಕೋಣೆಯನ್ನು ತುಂಬಿತು.

"ಇದು ಇವನ ದನಿ ಅಲ್ಲ. ಯಾರದು?"

"ನಿಜವಾಗ್ಲೂ ಗೊತ್ತಿಲ್ಲ ಸಾರ್," ಎಂದ ಹುಡುಗ ಬಿಕ್ಕುತ್ತ. "ನಾನು ಅವರನ್ನ ನೋಡೇ ಇಲ್ಲ. ಸಾರ್ ಅಂತ ಕರೀತೀನಿ ಅಷ್ಟೆ. ನಮ್ಮಮ್ಮನೂ ಇದೇ ಗೇಟಲ್ಲಿ ನಿಂತಿದಾಳೆ ಸಾರ್. ಅವಳ ಸಂಬಳನೂ ಇದರಲ್ಲೇ ಬರೋದು."

ಮ್ಯಾನೇಜರ್ ಫೋನಮ್ಮನತ್ತ ತಿರುಗಿದ. "ಅಕ್ಕ, ನೀವು ದಿನಾ ಎಷ್ಟೋ ದನಿ ಕೇಳ್ತೀರ. ಇದು ಗೊತ್ತಾ?"

ಮಗಳ ಮುಖ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ ಮಾವನ ಮುಖ ಒಟ್ಟೊಟ್ಟಿಗೆ ಅವಳ ಕಣ್ಣ ಮುಂದೆ ಬಂದವು.

"ಇಲ್ಲ," ಎಂದಳು.

"ಹಾಗಾದ್ರೆ ಇವನೊಬ್ಬನ ಮೇಲೇ ಪೊಲೀಸಿಗೆ ದೂರು ಕೊಡೋಣ. ನಮ್ಮ ಏಜೆನ್ಸಿಗೂ ಇದಕ್ಕೂ ಸಂಬಂಧ ಇಲ್ಲ" ಎಂದು ಮ್ಯಾನೇಜರ್ ಕೈ ತೊಳೆದುಕೊಂಡ. ನಾಳೆ ಬೆಳಿಗ್ಗೆ ದೂರು ಕೊಡುವುದೆಂದು ತೀರ್ಮಾನವಾಯಿತು. ಹೊರಗೆ ಬರುವಾಗ ಗೇಟಿನ ಹತ್ತಿರ ಒಬ್ಬ ಹೆಂಗಸು ಫೋನಮ್ಮನ ಸೆರಗು ಹಿಡಿದು, "ಒಳಗೆ ಏನಂದ್ರು ತಾಯಿ? ಇವತ್ತಾಗುತ್ತಾ?" ಎಂದು ಕೇಳಿದಳು. ಅವಳು ಸೆರಗು ಬಿಡಿಸಿಕೊಂಡು ಬಸ್ಸು ಹತ್ತಿದಳು.

ಸಂಜೆ ಅಡುಗೆಮನೆಯಲ್ಲಿ ನಡೆದದ್ದನ್ನೆಲ್ಲ ಗಂಡನಿಗೆ ಹೇಳಿದಳು. ಅನ್ನ ಒಲೆಯ ಮೇಲಿತ್ತು. ಅವನು ಗೋಡೆಗೆ ಒರಗಿ ಕೇಳಿದ.

"ಬೆಳಿಗ್ಗೆ ನಾನು ಅಲ್ಲಿಗೆ ಹೋಗ್ತೀನಿ" ಎಂದ.

"ಏನ್ಮಾಡೋಕೆ?"

"ಯಾವುದು ಎಲ್ಲಿ ಸಿಕ್ಕಿಕೊಂಡಿದೆ ಅಂತ ನನಗೆ ಗೊತ್ತು. ಬಿಡಿಸಬಹುದು."

"ನಿಮಗೆ ಹುಚ್ಚಾ? ನಾನು ಅಷ್ಟು ಜನರ ಮುಂದೆ ಗೊತ್ತಿಲ್ಲ ಅಂತ ಸುಳ್ಳು ಹೇಳಿ ಬಂದಿದೀನಿ! ನೀವು ಹೋಗಿ ನಿಂತ್ರೆ ನಾಳೆ ಸಂಜೆಗೆ ಇಬ್ಬರಿಗೂ ಕೆಲಸ ಇರಲ್ಲ. ಯಾವ ಏಜೆನ್ಸಿನೂ ನಮ್ಮ ಹೆಸರು ಮುಟ್ಟಲ್ಲ. ನಾನು ಈ ವ್ಯಾಪಾರದಲ್ಲಿ ಇದೀನಿ, ನನಗೆ ಗೊತ್ತು."

"ಆ ಹುಡುಗ ಜೈಲಿಗೆ ಹೋಗ್ತಾನೆ."

"ಹೋಗ್ಲಿ!" ಎಂದುಬಿಟ್ಟಳು ಫೋನಮ್ಮ. ಆಡಿದ ಮೇಲೆ ತನ್ನ ಮಾತು ತನಗೇ ಕೇಳಿಸಿ, ಸೌಟು ಕೆಳಗಿಟ್ಟು ನೆಲದ ಮೇಲೆ ಕೂತಳು. "ನಾನು ಹಾಗೆ ಅನ್ನೋವಳಲ್ಲ ಅಲ್ವೇನ್ರಿ? ನಾನೆಂಥವಳಾಗಿಬಿಟ್ಟೆ?" ಎಂದು ಅತ್ತಳು. ಗಂಡ ಅವಳ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಅನ್ನ ಸೀದುಹೋದ ವಾಸನೆ ಬಂದಾಗ ಮಗಳು ಓಡಿಬಂದು ಒಲೆ ಆರಿಸಿದಳು.

ಒಳಗಿನ ಮಂಚದಿಂದ ಮಾವನ ದನಿ ಬಂತು. "ನನ್ನ ಮಗ ಅಲ್ಲಿಗೆ ಹೋಗ್ಲಿ ಬಿಡಮ್ಮ. ಕರ್ಕೊಂಡು ಹೋಗು. ಒಬ್ಬನೇ ಕಳಿಸ್ಬೇಡ."

ಬೆಳಿಗ್ಗೆ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಅವಳು ಇನ್ನೊಂದು ಸಲ "ಇಳಿದುಬಿಡೋಣ" ಎಂದಳು. ಅವನು ಅವಳ ಕೈ ಹಿಡಿದುಕೊಂಡ, ಇಳಿಯಲಿಲ್ಲ.

ಮುಖ್ಯಸ್ಥರ ಮುಂದೆ ನಿಂತು ಅವನು, "ಆ ದನಿ ನಂದು ಸಾರ್" ಎಂದ. ಫೋನಮ್ಮ ಸೇರಿಸಿದಳು: "ಇವರು ನನ್ನ ಯಜಮಾನರು. ನಿನ್ನೆ ನಾನು ಸುಳ್ಳು ಹೇಳಿದೆ. ಇಂಟರ್‌ವ್ಯೂ ದಿನವೇ ನನಗೆ ಗೊತ್ತಾಗಿತ್ತು." ಮ್ಯಾನೇಜರ್ ಏನೋ ಹೇಳಲು ಬಾಯಿ ತೆರೆದ. ಮುಖ್ಯಸ್ಥರು ಕೈ ಎತ್ತಿ ತಡೆದರು. ಗೇಟಿನ ಗದ್ದಲ ಗಾಜು ದಾಟಿ ಒಳಗೆ ಕೇಳಿಸುತ್ತಿತ್ತು.

"ಸರಿಪಡಿಸೋಕಾಗುತ್ತಾ?"

"ಆಗುತ್ತೆ ಅನಿಸುತ್ತೆ."

"ಕಂಪ್ಯೂಟರ್ ಮುಟ್ಟೋ ಹಾಗಿಲ್ಲ. ನಮ್ಮವರು ಒತ್ತುತ್ತಾರೆ, ನೀವು ಬಾಯಲ್ಲಿ ಹೇಳಿ."

ಹಾಗೇ ಆಯಿತು. ಅವನು ಕುರ್ಚಿಯ ಹಿಂದೆ ಕೈ ಕಟ್ಟಿ ನಿಂತು ಹೇಳುತ್ತ ಹೋದ, ಇನ್ನೊಬ್ಬರ ಬೆರಳು ಆಡುತ್ತ ಹೋಯಿತು. ಯಾರೂ ಅವನಿಗೆ ಕೂರಿ ಎನ್ನಲಿಲ್ಲ. ಫೋನಮ್ಮ ಹೊರಗಿನ ಬೆಂಚಿನಲ್ಲಿ, ಕನ್ನಡಕದ ಹುಡುಗನ ಪಕ್ಕ ಕಾದಳು. ಅವಳು ತನ್ನ ನೀರಿನ ಬಾಟಲಿ ಕೊಟ್ಟರೆ ಹುಡುಗ ಗಟಗಟ ಕುಡಿದು, "ಸಾರ್ ಇಷ್ಟು ಸಣ್ಣ ಇದಾರೆ ಅಂದ್ಕೊಂಡಿರಲಿಲ್ಲ ಮೇಡಂ" ಎಂದ. ಹೊತ್ತು ಇಳಿಯುವ ಮುಂಚೆ ಗೇಟಿನ ಕಡೆ ಒಂದು ಫೋನು ಟಿಂಗ್ ಎಂದಿತು. ಆಮೇಲೆ ಇನ್ನೊಂದು, ಆಮೇಲೆ ಎಲ್ಲ ಕಡೆಯಿಂದ. ಹೆಂಗಸರು ಪೊರಕೆ ಎತ್ತಿಕೊಂಡು ಒಬ್ಬೊಬ್ಬರಾಗಿ ಕರಗಿದರು.

ಮುಖ್ಯಸ್ಥರು ಅವನನ್ನು ಬಾಗಿಲವರೆಗೂ ಬಿಡಲು ಬಂದರು. ಏನೋ ಕೇಳಬೇಕೆಂದು ತಡವರಿಸಿ, ಕೇಳಿಯೇಬಿಟ್ಟರು.

"ಇಷ್ಟು ಗೊತ್ತಿರೋರು ನೀವೇ ಈ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತಲ್ಲ?"

"ಹಾಕಿದ್ದೆ ಸಾರ್," ಎಂದ ಅವನು. "ಎರಡು ಸಲ ಹಾಕಿದ್ದೆ."

ಅಷ್ಟು ಹೇಳಿದ ಮೇಲೆ ಅವನು ಫೋನಮ್ಮನತ್ತ ನೋಡಲಿಲ್ಲ. ಎರಡನೆಯ ಅರ್ಜಿಯ ಮಾತನ್ನು ಅವಳು ಅವನಿಗೆ ಹೇಳಿಯೇ ಇರಲಿಲ್ಲ. ಕೆಲಸ ನಿಲ್ಲಿಸಿದ್ದಾರೆ ಎಂಬ ಅವಳ ಸುಳ್ಳು ಅವನಿಗೆ ಮೊದಲಿನಿಂದಲೂ ಗೊತ್ತಿತ್ತೆಂದು ಅವಳಿಗೆ ಆಗ ತಿಳಿಯಿತು.

ದೂರು ಯಾರ ಮೇಲೂ ಆಗಲಿಲ್ಲ. ವಿಷಯ ಹೊರಗೆ ಬಂದರೆ ಕಂಪನಿಗೇ ಕೆಟ್ಟ ಹೆಸರು ಎಂಬ ಕಾರಣಕ್ಕೆ ಮುಚ್ಚಿಹಾಕಿದರು. ಆದರೆ ಮೂವರ ಹೆಸರೂ ಕಪ್ಪುಪಟ್ಟಿಗೆ ಹೋಯಿತು. ಫೋನಮ್ಮನ ಆಫೀಸಿನ ಫೋನನ್ನು ಮ್ಯಾನೇಜರ್ ಮೇಜಿನ ಮೇಲಿಂದಲೇ ತೆಗೆದುಕೊಂಡ. "ನಿಮಗೆ ಹೀಗಾಗಬಾರದಿತ್ತು ಅಕ್ಕ" ಎಂದು ಹೇಳಿದ್ದು ಮಾತ್ರ ನಿಜವಾದ ಸಂಕಟದಿಂದಲೇ. ಮುಂದಿನ ತಿಂಗಳು ಅವನನ್ನೂ ತೆಗೆದರೆಂದು ಯಾರೋ ಹೇಳಿದರು.

ಅವರು ಮನೆ ಬದಲಿಸಿದರು. ಹೊಸದು ಎರಡೇ ಕೋಣೆಯದು, ಮಾವನ ಮಂಚ ಅಡುಗೆಮನೆಗೆ ಆತುಕೊಂಡಿತ್ತು. ಗಂಡ ಒಂದು ಗೋದಾಮಿನಲ್ಲಿ ಸರಕು ಎಣಿಸಿ ಬರೆಯುವ ಕೆಲಸಕ್ಕೆ ಸೇರಿದ. ಅಲ್ಲಿ ಯಾರೂ ಅವನ ಹಿಂದಿನ ವರ್ಷದ ಬಗ್ಗೆ ಕೇಳಲಿಲ್ಲ, ಮುಂದಿನದರ ಬಗ್ಗೆಯೂ ಹೇಳಲಿಲ್ಲ. ಫೋನಮ್ಮ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲು ಹಾಕಲು ನಿಂತಳು. ಸಂಜೆ ಕಾಲು ಊದಿಕೊಂಡಿರುತ್ತಿತ್ತು.

ಮಗಳಿಗೆ ಆ ಸಂದರ್ಶನ ಬಂದೇ ಬಂತು. ಈಗ ಕಂಪನಿಗಳು ಪರದೆಯ ಮೇಲಿನ ಮುಖವನ್ನೂ ದನಿಯನ್ನೂ ನಂಬುತ್ತಿರಲಿಲ್ಲ, ಎದುರಿಗೇ ಬನ್ನಿ ಎನ್ನುತ್ತಿದ್ದವು. ವಾರಪೂರ್ತಿ ಅಪ್ಪ ಗೋದಾಮಿನಿಂದ ಬಂದು ಕೈಕಾಲು ತೊಳೆದವನೇ ಅವಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದ. ತಪ್ಪಿದರೆ ಬೈದ, ಸರಿಯಾದರೆ ಸುಮ್ಮನಿದ್ದ. ಆ ದಿನ ಅವಳು ಅಮ್ಮನ ಒಳ್ಳೆಯ ಚಪ್ಪಲಿ ಹಾಕಿಕೊಂಡು ಒಬ್ಬಳೇ ಹೋದಳು.

ತಿರುಗಿ ಬಂದಾಗ ಮುಖ ಅರಳಿತ್ತು. ಊಟಕ್ಕೆ ಕೂತು ಒಂದೇ ಉಸಿರಿನಲ್ಲಿ ಹೇಳಿದಳು.

"ಕೂರೋಕೆ ಜಾಗ ಇಲ್ಲದಷ್ಟು ಜನ ಬಂದಿದ್ರು ತಾತ. ನನ್ನನ್ನ ಬಹಳ ಹೊತ್ತು ಮಾತಾಡಿಸಿದ್ರು. ಎರಡು ಪ್ರಶ್ನೆಗೆ ಗೊತ್ತಿಲ್ಲ ಅಂದೆ. ಉಳಿದಿದ್ದೆಲ್ಲ ನಾನೇ ಹೇಳಿದೆ. ನಗ್ತಾ ನಗ್ತಾ ಕಳಿಸಿಕೊಟ್ರು. 'ನೀವು ಹೊರಡಿ, ನಾವೇ ಫೋನ್ ಮಾಡಿ ತಿಳಿಸ್ತೀವಿ' ಅಂದ್ರು. ಹಾಗಂದ್ರೆ ಒಳ್ಳೇದೇ ಅಲ್ವಾ ಅಮ್ಮ?"

ಮಾವ ಸೊಸೆಯ ಕಡೆ ನೋಡಿದರು. ಗಂಡ ತಟ್ಟೆಯೊಳಗೆ ನೋಡಿದ. ಅದೇ ಮಾತನ್ನು ಅದೇ ನಗುವಿನೊಂದಿಗೆ ಫೋನಮ್ಮ ತನ್ನ ಜೀವಮಾನದಲ್ಲಿ ಎಷ್ಟು ಜನರಿಗೆ ಹೇಳಿದ್ದಳೋ!

"ಮಾಡ್ತಾರೆ ಮಾಡ್ತಾರೆ," ಎಂದರು ಮಾವ. "ಯಾಕೆ ಮಾಡಲ್ಲ?"

ಫೋನಮ್ಮ ಅನ್ನದ ಕೈಯನ್ನು ತಟ್ಟೆಯ ಅಂಚಿಗೆ ಒರೆಸಿದಳು. ಮಗಳು ಇನ್ನೂ ಅವಳನ್ನೇ ನೋಡುತ್ತಿದ್ದಳು.

"ಇಲ್ಲ ಅಂತ ಪುಟ್ಟಾ," ಎಂದಳು. "ಹಾಗಂದ್ರೆ ಇಲ್ಲ ಅಂತ ಅರ್ಥ."

ತುತ್ತು ಹಿಡಿದ ಮಗಳ ಕೈ ಅಲ್ಲೇ ನಿಂತಿತು. ಆಮೇಲೆ ಅವಳು ಅದನ್ನು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದಳು.

"ಇನ್ನು ಸ್ವಲ್ಪ ಅನ್ನ ಹಾಕ್ಲಾ?"

"ಹಾಕು," ಎಂದಳು ಮಗಳು, ತಲೆ ಎತ್ತದೆ.